ರುಗ್ಣ ಕಟ್ಟಡ: ಲೆಕ್ಕಪುಸ್ತಕದಲ್ಲಿ ಕಾಣದ ನಷ್ಟ

'ರುಗ್ಣ ಉದ್ಯಮ' ಎಂಬ ಮಾತು ವಾಣಿಜ್ಯ ವಲಯಕ್ಕೆ ಹೊಸದಲ್ಲ. ಅದಕ್ಕೆಂದೇ 1985ರಲ್ಲಿ ಒಂದು ಕಾಯಿದೆ ಬಂದು, ಅದರಡಿ ಒಂದು ಮಂಡಳಿ ರಚನೆಯಾಗಿ, 2016ರಲ್ಲಿ ಎರಡೂ ಕೊನೆಗೊಂಡವು. ಬಂಡವಾಳ ಕರಗಿ ನಿವ್ವಳ ಮೌಲ್ಯ ಋಣಾತ್ಮಕವಾದ ಉದ್ಯಮವನ್ನು ರುಗ್ಣವೆಂದು ಗುರುತಿಸುವುದು ವರ್ತಕರಿಗೆ ತಿಳಿದ ವಿಷಯ. ಆದರೆ ಉದ್ಯಮ ಲಾಭದಲ್ಲಿಯೇ ಇದ್ದು, ಅದು ನಡೆಯುವ ಕೊಠಡಿ ರುಗ್ಣವಾಗಿರಬಹುದೆಂಬ ಸಂಗತಿ ಅಷ್ಟಾಗಿ ಪರಿಚಿತವಲ್ಲ. ವೈದ್ಯಕೀಯ ಮತ್ತು ಕಟ್ಟಡ ವಿಜ್ಞಾನದ ಗ್ರಂಥಗಳಲ್ಲಿ ಇದಕ್ಕೆ 'ಸಿಕ್ ಬಿಲ್ಡಿಂಗ್ ಸಿಂಡ್ರೋಮ್' ಎಂಬ ಹೆಸರಿದೆ. ಕನ್ನಡದಲ್ಲಿ 'ರುಗ್ಣ ಕಟ್ಟಡ' ಎನ್ನಬಹುದು.

ಇದರ ಲಕ್ಷಣಗಳು ಒಂದೊಂದಾಗಿ ನೋಡಿದರೆ ತೀರಾ ಸಾಮಾನ್ಯವಾದವು. ತಲೆನೋವು, ಕಣ್ಣುರಿ, ಮೂಗು ಕಟ್ಟುವುದು, ಗಂಟಲು ಒಣಗುವುದು, ಚರ್ಮದ ತುರಿಕೆ, ಮಧ್ಯಾಹ್ನದ ವೇಳೆಗೆ ಕವಿಯುವ ಮಂಪರು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಇಂತಹ ದೂರುಗಳನ್ನು ಹೇಳಿಕೊಳ್ಳುವ ಗುಮಾಸ್ತನಿಗೆ 'ರಾತ್ರಿ ಸರಿಯಾಗಿ ನಿದ್ದೆ ಮಾಡು' ಎಂಬ ಉಪದೇಶ ಸಿಗುತ್ತದೆಯೇ ಹೊರತು, ಅವನು ಕುಳಿತಿರುವ ಕೊಠಡಿಯತ್ತ ಯಾರ ದೃಷ್ಟಿಯೂ ಹರಿಯುವುದಿಲ್ಲ. ಇದು ರುಗ್ಣ ಕಟ್ಟಡವೇ ಎಂದು ಶಂಕಿಸಲು ಒಂದು ಸರಳ ಗುರುತಿದೆ. ಆ ಕಟ್ಟಡದಲ್ಲಿ ಇರುವಷ್ಟು ಹೊತ್ತು ತೊಂದರೆ ಇರುತ್ತದೆ, ಹೊರಗೆ ಬಂದ ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾಗುತ್ತದೆ. ಭಾನುವಾರ ಚೆನ್ನಾಗಿದ್ದವರು ಸೋಮವಾರ ಹನ್ನೊಂದು ಗಂಟೆಗೆ ಹಣೆ ಒತ್ತಿಕೊಳ್ಳುತ್ತಾರೆ. ಒಬ್ಬರಿಗೆ ಹೀಗಾದರೆ ವೈಯಕ್ತಿಕ ಕಾರಣವಿದ್ದೀತು. ಒಂದೇ ಕೊಠಡಿಯ ಆರು ಜನರಲ್ಲಿ ನಾಲ್ವರಿಗೆ ಹೀಗಾದರೆ ಕೊಠಡಿಯನ್ನೇ ಪರೀಕ್ಷಿಸುವುದು ವಿವೇಕ.

ಕಟ್ಟಡದ ಮೂಲಕವೇ ಬರುವ ನಿರ್ದಿಷ್ಟ ರೋಗಗಳು ಬೇರೆಯೇ ಇವೆ. ಅವನ್ನು ಇದರೊಂದಿಗೆ ಬೆರೆಸಬಾರದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆದಾಗ ನೂರಾರು ಜನ ಒಂದು ಬಗೆಯ ನ್ಯುಮೋನಿಯಾಕ್ಕೆ ತುತ್ತಾಗಿ, ಸುಮಾರು 30 ಮಂದಿ ಮೃತಪಟ್ಟರು. ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಮರುವರ್ಷ ಪತ್ತೆ ಹಚ್ಚಿ 'ಲೀಜಿಯೊನೆಲ್ಲಾ' ಎಂದು ಹೆಸರಿಸಲಾಯಿತು. ಕೂಲಿಂಗ್ ಟವರಿನಂತಹ ನೀರಿನ ವ್ಯವಸ್ಥೆಗಳಲ್ಲಿ ಅದು ಬೆಳೆಯುತ್ತದೆ. ಅಂತಹ ಕಾಯಿಲೆ ಕಟ್ಟಡದಿಂದ ಹೊರಬಂದ ಮಾತ್ರಕ್ಕೆ ಇಳಿಯುವುದಿಲ್ಲ, ಚಿಕಿತ್ಸೆ ಬೇಕು. ಹಾಗೆಯೇ ನೆಲಮಾಳಿಗೆಯಲ್ಲಿ ಅಥವಾ ಅರ್ಧ ಎಳೆದ ಷಟರಿನ ಹಿಂದೆ ಡೀಸೆಲ್ ಜನರೇಟರ್ ನಡೆಸುವಾಗ ಬರುವ ತಲೆನೋವು, ವಾಕರಿಕೆಗಳು ಕಾರ್ಬನ್ ಮಾನಾಕ್ಸೈಡ್ ವಿಷದ ಸೂಚನೆಗಳಾಗಿರಬಹುದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಅಲ್ಲಿ ಲೆಕ್ಕಾಚಾರಕ್ಕೆ ಅವಕಾಶವಿಲ್ಲ. ಜನರನ್ನು ಕೂಡಲೇ ಹೊರಗೆ ತಂದು ವೈದ್ಯರ ಬಳಿ ಒಯ್ಯಬೇಕು, ಜನರೇಟರನ್ನು ಬಯಲಿಗೆ ಸ್ಥಳಾಂತರಿಸಬೇಕು.

ಸಮಸ್ಯೆ ಹುಟ್ಟಿದ ಬಗೆ

ರುಗ್ಣ ಕಟ್ಟಡಗಳ ಇತಿಹಾಸದಲ್ಲಿ ವರ್ತಕರಿಗೆ ಪಾಠವಾಗಬಲ್ಲ ಅಂಶವೆಂದರೆ, ಸಮಸ್ಯೆ ಹುಟ್ಟಿದ್ದು ಉಳಿತಾಯದಿಂದ. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ 'ಆಶ್ರೇ' ಕಟ್ಟಡಗಳಿಗೆ ಎಷ್ಟು ಹೊರಗಾಳಿ ಬೇಕೆಂಬ ಮಾನಕಗಳನ್ನು ಪ್ರಕಟಿಸುತ್ತದೆ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಅಲ್ಲಿ ಒಬ್ಬ ವ್ಯಕ್ತಿಗೆ ನಿಮಿಷಕ್ಕೆ ಸುಮಾರು 15 ಘನ ಅಡಿ ಹೊರಗಾಳಿ ಒದಗಿಸುವ ರೂಢಿಯಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸುವ ಉದ್ದೇಶದಿಂದ ಈ ಪ್ರಮಾಣವನ್ನು 5 ಘನ ಅಡಿಗೆ ಇಳಿಸಲಾಯಿತು. ಕಿಟಕಿಗಳನ್ನು ತೆರೆಯಲಾಗದಂತೆ ಮುಚ್ಚಿ, ಗಾಳಿ ಸೋರದ ಕಟ್ಟಡಗಳನ್ನು ಕಟ್ಟಲಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ನೌಕರರ ದೂರುಗಳು ಎಷ್ಟು ಹೆಚ್ಚಿದವೆಂದರೆ, ವಿಶ್ವ ಆರೋಗ್ಯ ಸಂಸ್ಥೆಯೇ 1980ರ ದಶಕದ ಆರಂಭದಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡಿತು. 1989ರಲ್ಲಿ 'ಆಶ್ರೇ' ತನ್ನ ಮಾನಕವನ್ನು ಮತ್ತೆ ಏರಿಸಿತು. ಕಚೇರಿಗಳಿಗೆ ಒಬ್ಬರಿಗೆ ನಿಮಿಷಕ್ಕೆ 20 ಘನ ಅಡಿ ಎಂದು ಗೊತ್ತುಪಡಿಸಿತು. ಅಂದರೆ ಉಳಿಸಿದ್ದನ್ನೆಲ್ಲ ಹಿಂದಿರುಗಿಸಿ, ಮೇಲೆ ಸ್ವಲ್ಪ ಸೇರಿಸಿ ಕೊಟ್ಟಂತಾಯಿತು. ಕೋವಿಡ್ ಕಾಲದಲ್ಲಿ, 2021ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಪ್ರಮಾಣವೂ ಬಹುತೇಕ ಅಷ್ಟೇ: ಒಬ್ಬರಿಗೆ ಸೆಕೆಂಡಿಗೆ 10 ಲೀಟರ್.

ದೀಪದ ಬುಡದಲ್ಲಿಯೇ ಕತ್ತಲು ಎಂಬುದಕ್ಕೂ ಇಲ್ಲೊಂದು ನಿದರ್ಶನವಿದೆ. ವಾಷಿಂಗ್ಟನ್ನಿನಲ್ಲಿ ಅಮೆರಿಕ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಧಾನ ಕಚೇರಿಗೆ 1987-88ರಲ್ಲಿ ಹೊಸ ರತ್ನಗಂಬಳಿ ಹಾಸಲಾಯಿತು. ಅದರ ವಾಸನೆಯಿಂದ ಅನೇಕ ನೌಕರರು ಅಸ್ವಸ್ಥರಾದರು, ಕೆಲವರು ಆ ಕಟ್ಟಡದಲ್ಲಿ ಕುಳಿತು ಕೆಲಸ ಮಾಡಲಾಗದ ಸ್ಥಿತಿ ತಲುಪಿದರು. ದೇಶದ ಗಾಳಿ ಕಾಯಬೇಕಾದ ಕಚೇರಿಯೇ ತನ್ನ ಒಳಗಿನ ಗಾಳಿಯನ್ನು ಕಾಯದೆ ಹೋಯಿತು.

ನಮ್ಮ ಕೊಠಡಿಗಳ ಲೆಕ್ಕ

ಕರ್ನಾಟಕದ ಹಳೆಯ ಪೇಟೆಗಳ ಅಂಗಡಿಗಳಲ್ಲಿ ಈ ತೊಂದರೆ ಕಡಿಮೆಯಿತ್ತು. ಎತ್ತರದ ಮಾಳಿಗೆ, ಮೇಲೊಂದು ಗವಾಕ್ಷಿ, ಬೀದಿಗೆ ಪೂರ್ತಿ ತೆರೆದ ಮುಂಭಾಗ, ಹಿಂದೆ ಹಿತ್ತಿಲ ಬಾಗಿಲು. ಧೂಳು ಬರುತ್ತಿತ್ತು ನಿಜ, ಗಾಳಿಯೂ ಬರುತ್ತಿತ್ತು. ಇಂದು ಅದೇ ಅಂಗಡಿಗೆ ಗಾಜಿನ ಬಾಗಿಲು ಬಂದಿದೆ, ಫಾಲ್ಸ್ ಸೀಲಿಂಗ್ ಇಳಿದಿದೆ, ಗವಾಕ್ಷಿಯ ಮೇಲೆ ಪ್ಲೈವುಡ್ ಹೊಡೆಯಲಾಗಿದೆ. ಲೆಕ್ಕ ಬರೆಯುವವರು ಹಿಂಭಾಗದ ಅಥವಾ ಅಟ್ಟದ ಮೇಲಿನ ಪುಟ್ಟ ಕೊಠಡಿಗೆ ಸೇರಿದ್ದಾರೆ. ಕೊಠಡಿಗೆ ಸ್ಪ್ಲಿಟ್ ಏಸಿ ಹಾಕಿಸಿದ ಮೇಲೆ ಸೌಕರ್ಯ ಪೂರ್ಣವಾಯಿತೆಂಬ ಭಾವನೆ ಮಾಲೀಕರದು.

ಇಲ್ಲಿಯೇ ಬಹುತೇಕರು ಎಡವುತ್ತಾರೆ. ಸಾಮಾನ್ಯ ಸ್ಪ್ಲಿಟ್ ಏಸಿ ಹೊರಗಿನಿಂದ ಗಾಳಿಯನ್ನು ತರುವುದಿಲ್ಲ. ಕೊಠಡಿಯಲ್ಲಿರುವ ಗಾಳಿಯನ್ನೇ ಎಳೆದು, ತಣಿಸಿ, ಮತ್ತೆ ಅಲ್ಲಿಗೇ ಬಿಡುತ್ತದೆ. ಹೊರಗಿರುವ ಯಂತ್ರಕ್ಕೂ ಒಳಗಿರುವ ಯಂತ್ರಕ್ಕೂ ನಡುವೆ ಓಡಾಡುವುದು ಶೀತಕ ಮಾತ್ರ. ಅದರ ಜಾಲರಿ ದಪ್ಪ ಧೂಳನ್ನು ಹಿಡಿಯಬಲ್ಲದು, ಜನರು ಉಸಿರಾಡಿ ಬಿಟ್ಟ ಗಾಳಿಯನ್ನು ಬದಲಿಸಲಾರದು. ತಂಪು ಬೇರೆ, ಹೊಸ ಗಾಳಿ ಬೇರೆ. ತಂಪಾಗಿರುವುದರಿಂದ ಬಾಗಿಲು ತೆರೆಯಬೇಕೆಂಬ ಪ್ರೇರಣೆಯೂ ಇಲ್ಲವಾಗಿ, ಮುಚ್ಚಿದ ಕೊಠಡಿ ಮುಚ್ಚಿದಂತೆಯೇ ಉಳಿಯುತ್ತದೆ.

ಜಮಾ-ಖರ್ಚಿನ ರೀತಿಯಲ್ಲಿಯೇ ಇದನ್ನು ನೋಡಬಹುದು. 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರದ ಕೊಠಡಿಯಲ್ಲಿ 1,800 ಘನ ಅಡಿ, ಅಂದರೆ ಸುಮಾರು 51 ಘನ ಮೀಟರ್ ಗಾಳಿಯಿದೆ. ಅದರಲ್ಲಿ ಆರು ಜನ ಕುಳಿತಿದ್ದಾರೆನ್ನೋಣ. ಕುಳಿತು ಕೆಲಸ ಮಾಡುವ ವಯಸ್ಕ ವ್ಯಕ್ತಿ ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈ ಆಕ್ಸೈಡ್ ಹೊರಬಿಡುತ್ತಾನೆ. ಆರು ಜನರಿಂದ 108 ಲೀಟರ್. ಕೊಠಡಿಗೆ ಗಾಳಿ ಸ್ವಲ್ಪವೂ ಬಾರದಿದ್ದರೆ, ಒಂದೇ ಗಂಟೆಯಲ್ಲಿ ಈ ಅನಿಲದ ಪ್ರಮಾಣ ಪ್ರತಿ ಹತ್ತು ಲಕ್ಷ ಭಾಗ ಗಾಳಿಗೆ 2,000 ಭಾಗದಷ್ಟು ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 420ರಿಂದ 430 ಭಾಗವಷ್ಟೇ. ವಾಸ್ತವದಲ್ಲಿ ಬಾಗಿಲ ಸಂದುಗಳಿಂದ ಗಾಳಿ ಒಂದಷ್ಟು ಸುಳಿಯುವುದರಿಂದ ಏರಿಕೆ ಇಷ್ಟು ತೀವ್ರವಾಗಿರುವುದಿಲ್ಲ, ದಿಕ್ಕು ಮಾತ್ರ ಇದೇ. ಮಾರ್ಚ್ ತಿಂಗಳಲ್ಲಿ ಲೆಕ್ಕಪರಿಶೋಧನೆಯ ತಂಡವೂ ಅದೇ ಕೊಠಡಿಯಲ್ಲಿ ಬಂದು ಕುಳಿತರೆ, ಆರು ಜನರ ಗಾಳಿಯನ್ನು ಹತ್ತು ಜನ ಹಂಚಿಕೊಳ್ಳುತ್ತಾರೆ. ವರ್ಷಾಂತ್ಯದ ನಮೂದುಗಳಲ್ಲಿ ತಪ್ಪುಗಳು ಹೆಚ್ಚುವುದಕ್ಕೆ ಕೆಲಸದ ಒತ್ತಡವೊಂದೇ ಕಾರಣವೆಂದು ನಿಶ್ಚಯವಾಗಿ ಹೇಳಲಾಗದು.

ಈ ಮಟ್ಟದಲ್ಲಿ ಕಾರ್ಬನ್ ಡೈ ಆಕ್ಸೈಡ್ ತಾನೇ ವಿಷವಲ್ಲ. ಕೊಠಡಿಯ ಗಾಳಿ ಎಷ್ಟರಮಟ್ಟಿಗೆ ಬದಲಾಗುತ್ತಿದೆ ಎಂಬುದನ್ನು ತೋರಿಸುವ ಸೂಚಕ ಅದು. ಜರ್ಮನಿಯ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ವಾನ್ ಪೆಟೆನ್‌ಕೋಫರ್ 1858ರಲ್ಲಿಯೇ ಹತ್ತು ಲಕ್ಷಕ್ಕೆ 1,000 ಭಾಗ ಎಂಬ ಮಿತಿಯನ್ನು ಸೂಚಿಸಿದ್ದನು. ಇಂದಿಗೂ ಅನೇಕ ಕಡೆ ಅದೇ ಅಂಕಿ ಬಳಕೆಯಲ್ಲಿದೆ. ಅಳೆಯುವ ಪುಟ್ಟ ಮಾಪಕ ಈಗ ಕೆಲವು ಸಾವಿರ ರೂಪಾಯಿಗೆ ದೊರೆಯುತ್ತದೆ. ಮೇಜಿನ ಮೇಲೆ ಒಂದು ವಾರ ಇಟ್ಟು, ಗಂಟೆಗೊಮ್ಮೆ ಅಂಕಿ ಬರೆದಿಟ್ಟುಕೊಂಡರೆ ಸಾಕಷ್ಟು ತಿಳಿಯುತ್ತದೆ.

ಗಾಳಿ ಬದಲಾಗದ ಕೊಠಡಿಯಲ್ಲಿ ಉಸಿರಿನ ಜೊತೆಗೆ ಮತ್ತೇನೇನೋ ಶೇಖರವಾಗುತ್ತವೆ. ಹೊಸ ಪಾರ್ಟಿಕಲ್ ಬೋರ್ಡ್ ಮೇಜು, ಪ್ಲೈವುಡ್ ಕಪಾಟುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ಸುಕ್ಕುಗಟ್ಟದಂತೆ ಸಂಸ್ಕರಿಸಿದ ಬಟ್ಟೆಗಳಿಂದಲೂ ಅದು ಬರುವುದರಿಂದ ಜವಳಿ ವರ್ತಕರು ಇದನ್ನು ಗಮನಿಸುವುದು ಒಳ್ಳೆಯದು. ಬಣ್ಣ, ತಿನ್ನರ್, ನೆಲ ಒರೆಸುವ ದ್ರವ, ಝೆರಾಕ್ಸ್ ಯಂತ್ರ, ಲೇಸರ್ ಪ್ರಿಂಟರ್ ಎಲ್ಲವೂ ತಮ್ಮ ಪಾಲನ್ನು ಸೇರಿಸುತ್ತವೆ. ಪೂಜೆಯ ಊದುಬತ್ತಿಯನ್ನು ಯಾರೂ ಬಿಡಬೇಕಾಗಿಲ್ಲ, ಆದರೆ ಏಸಿ ಕೊಠಡಿಯ ಒಳಗೆ ಬಾಗಿಲು ಮುಚ್ಚಿ ಹಚ್ಚುವುದಕ್ಕಿಂತ ಅಂಗಡಿಯ ಮುಂಭಾಗದಲ್ಲಿ ಹಚ್ಚುವುದು ಲೇಸು. ಸೊಳ್ಳೆಬತ್ತಿಯ ವಿಷಯದಲ್ಲಿ ಇಷ್ಟು ಉದಾರವಾಗಿರಲು ಸಾಧ್ಯವಿಲ್ಲ. ಚೀನಾ ಮತ್ತು ಮಲೇಷ್ಯಾದ ಸೊಳ್ಳೆಬತ್ತಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳು ಉರಿದಾಗ ಬರುವಷ್ಟಿರುತ್ತದೆ. ಗೋದಾಮಿನ ಕಾವಲುಗಾರ ರಾತ್ರಿಯೆಲ್ಲ ಅದರ ಪಕ್ಕದಲ್ಲಿ ಮಲಗುತ್ತಾನೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಇದಕ್ಕೆ ತೇವ ಸೇರುತ್ತದೆ. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಹಳೆಯ ಕಡತಗಳು, ಫಾಲ್ಸ್ ಸೀಲಿಂಗಿನ ಮೇಲೆ ಸೋರಿದ ನೀರು, ಶುಚಿಗೊಳಿಸದ ಏಸಿಯ ನೀರಿನ ತಟ್ಟೆ, ಇವು ಬೂಷ್ಟು ಬೆಳೆಯುವ ಜಾಗಗಳು. ಬೂಷ್ಟಿನ ವಾಸನೆ ಬರುತ್ತಿದ್ದರೆ ಸುಗಂಧ ಸಿಂಪಡಿಸಿ ಅಡಗಿಸುವುದು ನಿರರ್ಥಕ. ತೇವದ ಮೂಲವನ್ನು ಮುಚ್ಚಬೇಕು.

ಹಣದ ಮಾತು

ಇದರಿಂದ ಆಗುವ ನಷ್ಟವೆಷ್ಟು? ಡೆನ್ಮಾರ್ಕಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ಉಲ್ಲೇಖಾರ್ಹ. ಕಚೇರಿ ಕೊಠಡಿಯೊಂದರಲ್ಲಿ ತೆರೆಯ ಹಿಂದೆ, ಕುಳಿತವರಿಗೆ ಕಾಣದಂತೆ, ಇಪ್ಪತ್ತು ವರ್ಷ ಹಳೆಯ ರತ್ನಗಂಬಳಿಯನ್ನು ಕೆಲವು ದಿನ ಇಟ್ಟು, ಕೆಲವು ದಿನ ತೆಗೆದು, 30 ಮಹಿಳೆಯರಿಂದ ಬೆರಳಚ್ಚು ಮುಂತಾದ ಕೆಲಸ ಮಾಡಿಸಲಾಯಿತು. ಗಂಬಳಿ ಇದ್ದಾಗ ಬೆರಳಚ್ಚಿನ ವೇಗ ಶೇ. 6.5ರಷ್ಟು ಕುಗ್ಗಿತು, ತಲೆನೋವಿನ ದೂರುಗಳು ಹೆಚ್ಚಿದವು. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ದೊಡ್ಡ ತಯಾರಿಕಾ ಸಂಸ್ಥೆಯೊಂದರ 3,720 ನೌಕರರ ರಜೆಯ ದಾಖಲೆಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಹೊರಗಾಳಿ ಬರುವ ಕಟ್ಟಡಗಳಲ್ಲಿ ಕೆಲಸ ಮಾಡುವವರು ಅಲ್ಪಾವಧಿಯ ಅನಾರೋಗ್ಯ ರಜೆಯನ್ನು ಗಣನೀಯವಾಗಿ ಹೆಚ್ಚು ಪಡೆದಿದ್ದುದು ಕಂಡುಬಂತು.

ಪರದೇಶದ ಈ ಅಂಕಿಗಳನ್ನು ಹಾಗೆಯೇ ಎತ್ತಿ ಇಲ್ಲಿಗೆ ಹಾಕುವುದು ಸರಿಯಲ್ಲ. ಆದ್ದರಿಂದ ಅತ್ಯಂತ ಜಿಪುಣತನದ ಲೆಕ್ಕವನ್ನೇ ಹಿಡಿಯೋಣ. ಮೇಲೆ ಹೇಳಿದ ಕೊಠಡಿಯ ಆರು ಜನರಿಗೆ ತಲಾ 18,000 ರೂಪಾಯಿ ಸಂಬಳವಿದ್ದರೆ ತಿಂಗಳಿಗೆ 1,08,000 ರೂಪಾಯಿ. ಕೆಲಸದಲ್ಲಿ ಶೇ. 2ರಷ್ಟು ಮಾತ್ರ ಕುಂದುಂಟಾದರೂ 2,160 ರೂಪಾಯಿ ಪೋಲು. ತಪ್ಪಾಗಿ ಬರೆದ ಇನ್‌ವಾಯ್ಸ್, ತಡವಾದ ರಿಟರ್ನ್, ಅದಕ್ಕೆ ಬಿದ್ದ ಬಡ್ಡಿ, ಬಿಟ್ಟುಹೋದ ನುರಿತ ನೌಕರನ ಸ್ಥಾನಕ್ಕೆ ಹೊಸಬನನ್ನು ತಯಾರು ಮಾಡುವ ಖರ್ಚು ಇದರಲ್ಲಿ ಸೇರಿಲ್ಲ.

ಇನ್ನೊಂದು ಪಕ್ಕದ ಲೆಕ್ಕ ಹೀಗಿದೆ. ಒಬ್ಬರಿಗೆ ನಿಮಿಷಕ್ಕೆ 20 ಘನ ಅಡಿಯಂತೆ ಆರು ಜನರಿಗೆ 120 ಘನ ಅಡಿ ಗಾಳಿ ಬೇಕು. ಆರಂಗುಲದ ಒಂದು ಸಾಧಾರಣ ಎಕ್ಸಾಸ್ಟ್ ಫ್ಯಾನಿಗೆ ಇದು ದೊಡ್ಡ ಕೆಲಸವಲ್ಲ. ಅದರ ಸಾಮರ್ಥ್ಯವನ್ನು ಪೆಟ್ಟಿಗೆಯ ಮೇಲೆಯೇ ನಮೂದಿಸಿರುತ್ತಾರೆ. 40 ವ್ಯಾಟಿನ ಫ್ಯಾನ್ ದಿನಕ್ಕೆ 9 ಗಂಟೆ, ತಿಂಗಳಿಗೆ 26 ದಿನ ನಡೆದರೆ ಹತ್ತು ಯೂನಿಟ್‌ಗಿಂತ ಕಡಿಮೆ ವಿದ್ಯುತ್ತು ಸಾಕು. ಹೊರಗಿನ ಬಿಸಿ ಗಾಳಿ ಒಳಗೆ ಬರುವುದರಿಂದ ಏಸಿಯ ಹೊರೆ ಹೆಚ್ಚುವುದನ್ನೂ ಮುಚ್ಚಿಡಬೇಕಾಗಿಲ್ಲ. ಒಳಗೂ ಹೊರಗೂ 10 ಡಿಗ್ರಿ ಅಂತರವಿರುವ ದಿನಗಳಲ್ಲಿ ಅದು ತಿಂಗಳಿಗೆ ಸುಮಾರು 50ರಿಂದ 60 ಯೂನಿಟ್ ಆಗಬಹುದು. ತೇವ ಹೆಚ್ಚಿರುವ ಮಂಗಳೂರು, ಕಾರವಾರಗಳಲ್ಲಿ ಇನ್ನೂ ಹೆಚ್ಚು. ಎಲ್ಲ ಸೇರಿ ಒಳನಾಡಿನಲ್ಲಿ ತಿಂಗಳಿಗೆ ಐನೂರರಿಂದ ಸಾವಿರ ರೂಪಾಯಿಯೊಳಗಿನ ವೆಚ್ಚ. ಬೆಂಗಳೂರು, ಮೈಸೂರುಗಳಂತಹ ಕಡೆ ವರ್ಷದ ಅನೇಕ ತಿಂಗಳು ಏಸಿಯನ್ನೇ ಆರಿಸಿ ಕಿಟಕಿ ತೆರೆದಿಡಬಹುದು, ಆಗ ವೆಚ್ಚವೆಂಬುದೇ ಇಲ್ಲ. ಹೊರಗೆ ಬಸ್ಸು, ಲಾರಿಗಳ ಹೊಗೆ ತುಂಬಿದ ರಸ್ತೆಯಿದ್ದರೆ ಆ ಕಡೆಯಿಂದ ಗಾಳಿ ಎಳೆಯದೆ ಹಿತ್ತಿಲ ಕಡೆಯಿಂದ ಎಳೆಯಬೇಕಾಗುತ್ತದೆ.

ಫ್ಯಾನ್ ಕೂಡಿಸುವಾಗ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಗಾಳಿ ಹೊರಹೋಗಲು ದಾರಿ ಮಾಡಿ ಒಳಬರಲು ದಾರಿ ಮಾಡದಿರುವುದು. ಗಾಜಿನ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಫ್ಯಾನ್ ಸುಮ್ಮನೆ ಸದ್ದು ಮಾಡುತ್ತದೆ. ಫ್ಯಾನಿನ ಎದುರು ಬದಿಯಲ್ಲಿ, ಕೆಳಮಟ್ಟದಲ್ಲಿ ಜಾಲರಿಯುಳ್ಳ ಕಿಂಡಿ ಬೇಕು. ಆ ಕಿಂಡಿ ಪಕ್ಕದ ಗೋದಾಮಿಗೋ ಶೌಚಾಲಯಕ್ಕೋ ತೆರೆದುಕೊಂಡರೆ ಅಲ್ಲಿಯ ಗಾಳಿಯೇ ಕಚೇರಿಗೆ ಬರುತ್ತದೆ. ಮೆಣಸಿನಕಾಯಿ, ತಂಬಾಕು, ಹತ್ತಿ, ರಾಸಾಯನಿಕಗಳ ದಾಸ್ತಾನು ಇರುವ ಕಡೆ ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು.

ಎಲ್ಲ ದೂರಿಗೂ ಗಾಳಿಯೇ ಕಾರಣವೆಂದೂ ಹೇಳಲಾಗದು. ಲಂಡನ್ನಿನ 44 ಸರ್ಕಾರಿ ಕಚೇರಿ ಕಟ್ಟಡಗಳ ನಾಲ್ಕು ಸಾವಿರಕ್ಕೂ ಹೆಚ್ಚು ನೌಕರರ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನವು, ಇಂತಹ ಲಕ್ಷಣಗಳಿಗೆ ಕಟ್ಟಡದ ಭೌತಿಕ ಸ್ಥಿತಿಗಿಂತ ಕೆಲಸದ ಒತ್ತಡ ಮತ್ತು ಮೇಲಿನವರ ಬೆಂಬಲದ ಕೊರತೆಗೇ ಹೆಚ್ಚು ಸಂಬಂಧವಿದೆಯೆಂದು ಕಂಡುಕೊಂಡಿತು. ಇದನ್ನು ಓದಿ 'ಎಲ್ಲ ಮನಸ್ಸಿನ ಭ್ರಮೆ' ಎಂದು ಕೈತೊಳೆದುಕೊಳ್ಳುವ ಮಾಲೀಕರೂ ಇರಬಹುದು. ಅಧ್ಯಯನದ ತಾತ್ಪರ್ಯ ಹಾಗಿಲ್ಲ. ಒತ್ತಡ ನೀಡುವುದೂ ಬೆಂಬಲ ನೀಡುವುದೂ ಮಾಲೀಕರ ಕೈಯಲ್ಲಿಯೇ ಇರುವುದರಿಂದ, ಹೊಣೆ ಗೋಡೆಯಿಂದ ಗದ್ದುಗೆಗೆ ವರ್ಗಾವಣೆಯಾಗುತ್ತದೆ ಅಷ್ಟೆ. ಕಿಟಕಿ ತೆರೆಯಲು, ಏಸಿಯ ಉಷ್ಣತೆ ಬದಲಿಸಲು ನೌಕರನಿಗೆ ಸ್ವಾತಂತ್ರ್ಯವಿದ್ದಲ್ಲಿ ದೂರುಗಳು ಕಡಿಮೆಯೆಂಬುದು ಅನೇಕ ಕಡೆ ಕಂಡುಬಂದ ವಿಷಯ. ಏಸಿಯ ರಿಮೋಟ್ ಮಾಲೀಕರ ಕಪಾಟಿನಲ್ಲಿ ಬೀಗ ಹಾಕಿಕೊಂಡಿರುವ ಕಚೇರಿಗಳು ಎಷ್ಟಿಲ್ಲ?

ಕಾಯಿದೆ ಮತ್ತು ಖಾತೆ

1948ರ ಕಾರ್ಖಾನೆ ಕಾಯಿದೆಯ 13ರಿಂದ 17ರವರೆಗಿನ ಕಲಮುಗಳು ಗಾಳಿ, ಉಷ್ಣತೆ, ಧೂಳು, ಜನಸಂದಣಿ, ಬೆಳಕುಗಳನ್ನು ಕುರಿತವು. 16ನೇ ಕಲಮಿನಂತೆ ಹೊಸ ಕಾರ್ಖಾನೆಗಳಲ್ಲಿ ಪ್ರತಿ ಕೆಲಸಗಾರನಿಗೆ 14.2 ಘನ ಮೀಟರ್ ಸ್ಥಳ ಇರಬೇಕಾಗಿತ್ತು; ನೆಲದಿಂದ 4.2 ಮೀಟರಿಗಿಂತ ಮೇಲಿನ ಜಾಗ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮೇಲಿನ ಉದಾಹರಣೆಯ ಕೊಠಡಿಯಲ್ಲಿ ಒಬ್ಬರ ಪಾಲಿಗೆ ಬರುವುದು 8.5 ಘನ ಮೀಟರ್ ಮಾತ್ರ. ಯಂತ್ರದ ಮುಂದೆ ನಿಂತವನಿಗೆ ಕಾಯಿದೆ ಕೊಡಿಸಿದ ಗಾಳಿಯನ್ನು ಲೆಕ್ಕ ಬರೆಯುವವನಿಗೆ ಯಾರೂ ಕೊಡಿಸಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020, ಹಳೆಯ ಕಾಯಿದೆಯ ಸ್ಥಾನವನ್ನು ಪಡೆದುಕೊಂಡಿದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ವ್ಯಾಪಾರ ಸಂಸ್ಥೆಗಳೂ ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುತ್ತವೆ. ಸ್ವಚ್ಛತೆ, ಗಾಳಿಯ ಸಂಚಾರ, ಉಷ್ಣತೆ, ತೇವಾಂಶ, ಬೆಳಕುಗಳನ್ನು ಒದಗಿಸುವ ಹೊಣೆ ಮಾಲೀಕರದೆಂದು ಅದರ 23ನೇ ಕಲಮು ಸೂಚಿಸುತ್ತದೆ. ಕಟ್ಟಡ ಕಟ್ಟಿಸುವವರು ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನೂ ನೋಡಬೇಕು. ಅದರಂತೆ ಕಿಟಕಿ ಮೊದಲಾದ ತೆರಪುಗಳ ವಿಸ್ತೀರ್ಣ ನೆಲದ ವಿಸ್ತೀರ್ಣಕ್ಕೆ ಒಣ ಬಿಸಿ ಹವೆಯಲ್ಲಿ ಹತ್ತನೇ ಒಂದು, ತೇವದ ಬಿಸಿ ಹವೆಯಲ್ಲಿ ಆರನೇ ಒಂದು ಭಾಗಕ್ಕಿಂತ ಕಡಿಮೆಯಿರಬಾರದು.

ಖರ್ಚನ್ನು ಪುಸ್ತಕದಲ್ಲಿ ತೋರಿಸುವಾಗಲೂ ಎಚ್ಚರ ಬೇಕು. ಏಸಿಯ ಶುಚಿ, ಸೋರಿಕೆಯ ದುರಸ್ತಿ, ಬೂಷ್ಟು ತೆಗೆಸಿ ಬಣ್ಣ ಹೊಡೆಸುವುದು ರಾಜಸ್ವ ವೆಚ್ಚ. ಆ ವರ್ಷದ ಲಾಭದಿಂದಲೇ ಕಳೆಯಬಹುದು. ಫ್ಯಾನ್, ಮಾಪಕಗಳು ಬಂಡವಾಳ ವೆಚ್ಚ. ಅವುಗಳಿಗೆ ಸವಕಳಿ ಉಂಟು. ಜಿಎಸ್‌ಟಿಯಲ್ಲಿ ನೋಂದಾಯಿತರಾದವರು ಫ್ಯಾನಿನ ಮೇಲಿನ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು, ಆದರೆ ತೆರಿಗೆಯ ಮೊತ್ತಕ್ಕೂ ಸೇರಿಸಿ ಸವಕಳಿ ತೆಗೆದುಕೊಂಡರೆ ಆ ಕ್ರೆಡಿಟ್ ಇಲ್ಲ. ಗೋಡೆ ಒಡೆದು ಕಿಟಕಿ ಇರಿಸುವ ಕೆಲಸಕ್ಕೆ ತಗುಲಿದ ಮೊತ್ತವನ್ನು ಕಟ್ಟಡದ ಖಾತೆಗೆ ಬಂಡವಾಳವಾಗಿ ಸೇರಿಸಿದರೆ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನಂತೆ ಅದರ ಕ್ರೆಡಿಟ್ ದೊರೆಯುವುದಿಲ್ಲ. ನಿಜಕ್ಕೂ ದುರಸ್ತಿಯಾಗಿದ್ದು ಖರ್ಚಿಗೆ ಬರೆದಿದ್ದರೆ ಆ ತಡೆ ಅನ್ವಯಿಸುವುದಿಲ್ಲ. ಬಾಡಿಗೆ ಕಟ್ಟಡದಲ್ಲಿ ಬಾಡಿಗೆದಾರ ಮಾಡಿಸಿದ ಇಂತಹ ಬಂಡವಾಳ ಕೆಲಸಕ್ಕೂ ಆದಾಯ ತೆರಿಗೆಯಲ್ಲಿ ಸವಕಳಿ ಸಿಗುತ್ತದೆ. ಕಟ್ಟಡದ ಯಜಮಾನರ ಲಿಖಿತ ಒಪ್ಪಿಗೆಯನ್ನು ಮಾತ್ರ ಮೊದಲೇ ಪಡೆದಿರಬೇಕು. ಬಾಡಿಗೆ ಕರಾರು ನವೀಕರಣಕ್ಕೆ ಬರುವ ತಿಂಗಳು ಇದಕ್ಕೆ ಅನುಕೂಲವಾದ ಸಮಯ. ಬಾಡಿಗೆ ಏರಿಸುವ ಮಾತು ಆ ಕಡೆಯಿಂದ ಬಂದಾಗ, ಹಿಂಬದಿಯ ಗೋಡೆಗೆ ಒಂದು ಕಿಟಕಿಯ ಮಾತನ್ನು ಈ ಕಡೆಯಿಂದ ಎತ್ತಬಹುದು.